ಅಂಗಡಿ ನಡೆಸುವವರು ಯಾವ ಪುಸ್ತಕ ಓದಬೇಕು, ಹೇಗೆ ಓದಬೇಕು

ದಾವಣಗೆರೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಗಲ್ಲಾದ ಪಕ್ಕದಲ್ಲಿ ಸದಾ ಒಂದೆರಡು ಪುಸ್ತಕ ಇರುತ್ತವೆ. ಹೊಸದಾಗಿ ವ್ಯಾಪಾರಕ್ಕೆ ಇಳಿದ ಹುಡುಗರು, ಮನೆಯಲ್ಲೇ ಸೀರೆ ಮಾರುವ ಹೆಣ್ಣುಮಕ್ಕಳು ಅದನ್ನು ನೋಡಿ ಕೇಳುತ್ತಾರೆ: "ಅಕ್ಕಾ, ನಾವು ಮುಂದೆ ಬರಬೇಕು ಅಂದ್ರೆ ಯಾವ ಪುಸ್ತಕ ಓದ್ಬೇಕು?" ಹೆಸರು ಹೇಳುವ ಮೊದಲು ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ಈ ತಿಂಗಳು ನಿಮ್ಮ ನಿದ್ದೆ ಕೆಡಿಸಿರುವುದು ಏನು? ಉದ್ರಿ ವಸೂಲಾಗ್ತಿಲ್ವಾ? ಗಿರಾಕಿ ಎದುರು ಬಾಯಿ ಕಟ್ಟುತ್ತಾ? ಇವತ್ತಿನ ಕೆಲಸ ನಾಳೆಗೆ ಹೋಗ್ತಿದೆಯಾ? ಅದನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಪುಸ್ತಕ ಆಮೇಲೆ.

ಯಾಕೆ ಅಂದರೆ, ಪುಸ್ತಕದ ಪಟ್ಟಿಗಳಿಗೆ ಕೊರತೆ ಇಲ್ಲ. ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತವೆ. ಓದುವಾಗ ಹುರುಪು ಬರುತ್ತದೆ, ಮೂರನೇ ದಿನಕ್ಕೆ ಇಳಿಯುತ್ತದೆ. ಕೈಯಲ್ಲಿ ಒಂದು ಸಮಸ್ಯೆ ಹಿಡಿದು ಓದಿದರೆ ಮಾತ್ರ ಪುಟದಲ್ಲಿರುವುದು ಅಂಗಡಿಗೆ ಬರುತ್ತದೆ. ಇನ್ನೊಂದು ಮಾತು. ಬುದ್ಧಿ ಹೇಳುವ ಪುಸ್ತಕಕ್ಕಿಂತ ಕೆಲಸ ಮಾಡಿದವರ ಆತ್ಮಕಥೆಯನ್ನು ಮೊದಲು ಹಿಡಿಯಿರಿ. ಅವರು ಯಾವಾಗ ಹೆದರಿದರು, ದುಡ್ಡು ಎಲ್ಲಿ ಸಿಕ್ಕಿಕೊಂಡಿತು, ಹೇಗೆ ಬಿಡಿಸಿಕೊಂಡರು ಅನ್ನುವುದೆಲ್ಲ ಅಲ್ಲಿರುತ್ತದೆ.

ಮೊದಲ ಪುಸ್ತಕ ಗಾಂಧೀಜಿಯವರ ಆತ್ಮಕಥೆ. ವ್ಯಾಪಾರಕ್ಕೂ ಅದಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಐದು ಭಾಗ ಇದೆ, ನೀವು ಎರಡನೇ ಭಾಗದಿಂದ ಶುರು ಮಾಡಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು ಮುಂಬೈಯ ಸಣ್ಣ ಕೋರ್ಟಿನಲ್ಲಿ ಮೊದಲ ಕೇಸು ಹಿಡಿಯುತ್ತಾರೆ. ಸಾಕ್ಷಿಯನ್ನು ಪ್ರಶ್ನೆ ಮಾಡಲು ಎದ್ದು ನಿಂತರೆ ತಲೆ ಸುತ್ತುತ್ತದೆ. ಒಂದು ಪ್ರಶ್ನೆಯೂ ಹೊಳೆಯುವುದಿಲ್ಲ. ಕೂತುಬಿಡುತ್ತಾರೆ. ಬೇರೆ ವಕೀಲರನ್ನು ಹಿಡಿಯಿರಿ ಅಂತ ಹೇಳಿ 30 ರೂಪಾಯಿ ಫೀಸನ್ನು ವಾಪಸ್ ಕೊಡುತ್ತಾರೆ. ಮಾತು ಬರುವುದಿಲ್ಲ ಅಂತ ಕೊರಗುವ ಯಾರೇ ಆಗಲಿ, ಆ ಎರಡು ಪುಟ ಓದಲೇಬೇಕು.

ಮುಂದಿನದು ಇನ್ನೂ ಮುಖ್ಯ. 1893ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದೇ ಒಬ್ಬ ವ್ಯಾಪಾರಿಯ ಕೇಸಿಗೆ, ದಾದಾ ಅಬ್ದುಲ್ಲಾ ಅವರ 40,000 ಪೌಂಡಿನ ಬಾಕಿ ವಿಚಾರಕ್ಕೆ. ಕೇಸಿನ ತುಂಬ ಲೆಕ್ಕವೇ. ಪಿ. ನೋಟ್ (ಪ್ರಾಮಿಸರಿ ನೋಟ್, ಸಾಲ ತೀರಿಸುತ್ತೇನೆ ಅಂತ ಬರೆದುಕೊಡುವ ಪತ್ರ) ಅಂದರೆ ಏನು ಅಂತ ಗುಮಾಸ್ತರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಲೆಕ್ಕ ಬರೆಯುವುದನ್ನು ಕಲಿಸುವ ಪುಸ್ತಕ ಕೊಂಡು ಓದುತ್ತಾರೆ. ಅವರು ಜೀವನದಲ್ಲಿ ಮಾಡಿದ ಮೊದಲ ಸಾರ್ವಜನಿಕ ಭಾಷಣ ಯಾವುದು ಗೊತ್ತಾ? ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಊರಿನಲ್ಲಿ ಮೇಮನ್ ಅನ್ನುವ ಮುಸ್ಲಿಂ ಸಮುದಾಯದ ವ್ಯಾಪಾರಿಗಳ ಮುಂದೆ, ವ್ಯಾಪಾರದಲ್ಲಿ ಸತ್ಯ ಅನ್ನುವ ವಿಷಯದ ಮೇಲೆ. ಆಮೇಲೆ ಇಂಗ್ಲಿಷ್ ಕಲಿಸುತ್ತೇನೆ ಅಂದಾಗ ಬಂದವರು ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು. ಪಾಠಕ್ಕೆ ಗಾಂಧೀಜಿಯೇ ಅವರ ಜಾಗಕ್ಕೆ ಹೋಗುತ್ತಿದ್ದರು. ಅವರು ಕೆಲಸದಲ್ಲಿದ್ದರೆ ಕಾಯುತ್ತಿದ್ದರು. ಮುಂಬೈಯಲ್ಲಿ ಮಾತು ಹೊರಡದ ಮನುಷ್ಯನಿಗೆ ಪ್ರಿಟೋರಿಯಾದಲ್ಲಿ ಮಾತು ಬಂದದ್ದು ಎದುರು ಕೂತವರ ಕಷ್ಟ ತಿಳಿದುಕೊಂಡು ಹೋದದ್ದರಿಂದ. ನಾನು ಹಾಗೇ ಅಂದುಕೊಂಡಿದ್ದೇನೆ.

ಕೇಸು ಕೊನೆಗೆ ಪಂಚಾಯ್ತಿಗೆ ಹೋಗುತ್ತದೆ. ದಾದಾ ಅಬ್ದುಲ್ಲಾ ಗೆಲ್ಲುತ್ತಾರೆ. ಸೋತವರು 37,000 ಪೌಂಡು ಮತ್ತು ಖರ್ಚು ಕೊಡಬೇಕು. ಒಟ್ಟಿಗೆ ಕೊಟ್ಟರೆ ದಿವಾಳಿ. ಆಗ ಗಾಂಧೀಜಿ ಗೆದ್ದವರನ್ನು ಒಪ್ಪಿಸಿ ಕಂತು ಮಾಡಿಸುತ್ತಾರೆ. ಪಂಚಾಯ್ತಿಗೆ ಒಪ್ಪಿಸಿದ್ದಕ್ಕಿಂತ ಕಂತಿಗೆ ಒಪ್ಪಿಸುವುದೇ ಕಷ್ಟವಾಯಿತು ಅಂತ ಅವರೇ ಬರೆದಿದ್ದಾರೆ. ಉದ್ರಿ ಕೊಟ್ಟು ಕೂತವರಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಜಗಳೂರು ಕಡೆಯ ಒಬ್ಬ ರೈತರು ಮಗಳ ಮದುವೆಗೆ ನಮ್ಮಲ್ಲಿ ಜವಳಿ ತೆಗೆದಿದ್ದರು. ಆ ವರ್ಷ ಮೆಕ್ಕೆಜೋಳ ಕೈಕೊಟ್ಟಿತು. ಅವರು ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು. ನಾನು ಈ ಅಧ್ಯಾಯ ಓದಿ ಫೋನ್ ಮಾಡಿದೆ. "ಅಣ್ಣಾ, ಪೇಟೆಗೆ ಬಂದಾಗೆಲ್ಲ ಕೈಲಾದಷ್ಟು ಕೊಟ್ಟು ಹೋಗಿ, ಚೀಟಿ ಬರೆದುಕೊಡ್ತೀನಿ" ಅಂದೆ. ಬಾಕಿ ತೀರಿತು. ಈಗ ಎರಡನೇ ಮಗಳ ಮದುವೆ ಜವಳಿಯೂ ನಮ್ಮಲ್ಲೇ. ನೀವೂ ಉದ್ರಿ ಪುಸ್ತಕ ತೆಗೆದು, ಮುಖ ತಪ್ಪಿಸಿಕೊಂಡು ಓಡಾಡುವ ಒಬ್ಬರನ್ನು ಆರಿಸಿ, ನಾಳೆಯೇ ಕಂತಿನ ಮಾತಾಡಿ.

ಮಾತಿನ ವಿಷಯಕ್ಕೆ ಬಂದರೆ ಡೇಲ್ ಕಾರ್ನೆಗಿಯವರ 'ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್' ಹೆಸರು ಬಂದೇ ಬರುತ್ತದೆ. 1936ರ ಪುಸ್ತಕ. ಅವರು 1912ರಿಂದ ನ್ಯೂಯಾರ್ಕಿನಲ್ಲಿ ದುಡಿಯುವ ಜನಕ್ಕೆ ಮಾತಾಡುವುದನ್ನು ಕಲಿಸುತ್ತಿದ್ದರು. ಪುಸ್ತಕದ ತುಂಬ ಸಣ್ಣ ಸಣ್ಣ ಕಥೆಗಳಿರುವುದಕ್ಕೆ ಆ ತರಗತಿಗಳೇ ಕಾರಣ. ಪೂರ್ತಿ ಓದಲೇಬೇಕು ಅಂತಿಲ್ಲ. ಹೆಸರು ನೆನಪಿಡುವುದು, ಎದುರಿನವರಿಗೆ ಮಾತಾಡಲು ಬಿಡುವುದು, ವಾದ ಮಾಡದಿರುವುದು, ಈ ಮೂರು ಅಧ್ಯಾಯ ಸಾಕು. ಓದಿದ ಮೇಲೆ ಖಾತೆ ಪುಸ್ತಕದಲ್ಲಿ ಗಿರಾಕಿಯ ಹೆಸರಿನ ಪಕ್ಕ ಒಂದು ಮಾತು ಬರೆಯಲು ಶುರು ಮಾಡಿ: ಮಗ ಪಿಯುಸಿ, ತಾಯಿಗೆ ಮಂಡಿ ನೋವು, ಹಸಿರು ಬಣ್ಣ ಇಷ್ಟ. ಮುಂದಿನ ಸಲ ಅವರು ಬಂದಾಗ ಅದನ್ನೇ ಕೇಳಿ. ಆದರೆ ಮನಸ್ಸಿನಲ್ಲಿಲ್ಲದ ಹೊಗಳಿಕೆ ಬೇಡ. ನಮ್ಮೂರ ಹೆಂಗಸರು ಅದನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ಕಾರ್ನೆಗಿಯವರೂ ಪ್ರಾಮಾಣಿಕ ಮೆಚ್ಚುಗೆ ಬೇರೆ, ಮುಖಸ್ತುತಿ ಬೇರೆ ಅಂತ ಬಿಡಿಸಿ ಹೇಳಿದ್ದಾರೆ. ಓದುವವರು ಆ ಪುಟವನ್ನೇ ಹಾರಿಸಿಬಿಡುತ್ತಾರೆ ಅನ್ನುವುದು ನನ್ನ ಬೇಸರ.

ಇದರ ಜೊತೆಗೆ ಬಸವಣ್ಣನವರ ಒಂದು ವಚನ ಇಟ್ಟುಕೊಳ್ಳಿ. "ನುಡಿದರೆ ಮುತ್ತಿನ ಹಾರದಂತಿರಬೇಕು" ಎಲ್ಲರ ಬಾಯಲ್ಲೂ ಇದೆ, ಭಾಷಣದ ಶುರುವಿಗೆ ಬಳಸುತ್ತಾರೆ. ಅಂಗಡಿಯವರು ನೋಡಬೇಕಾದದ್ದು ಕೊನೆಯ ಸಾಲು: "ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವನೆಂತೊಲಿವನಯ್ಯಾ". ಬ್ಲೌಸ್ ಗುರುವಾರ ಕೊಡುತ್ತೇನೆ ಅಂದರೆ ಗುರುವಾರ ಕೊಡಬೇಕು. ಆಗದಿದ್ದರೆ ಬುಧವಾರವೇ ಫೋನ್ ಮಾಡಬೇಕು. ಬಣ್ಣ ಬಿಡುತ್ತದೆ ಅಂತ ಗೊತ್ತಿದ್ದರೆ ಅಳೆಯುವ ಮೊದಲೇ ಹೇಳಬೇಕು. ಮಾತುಗಾರಿಕೆ ಕಲಿಯಲು ತರಬೇತಿಗೆ ದುಡ್ಡು ಕಟ್ಟುವ ಮೊದಲು ಇಷ್ಟು ಮಾಡಿ ನೋಡಿ.

ಶಿಸ್ತು ತಪ್ಪುತ್ತಿದೆ ಅನ್ನುವವರಿಗೆ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆ. ಅವರು ಫಿಲಡೆಲ್ಫಿಯಾದಲ್ಲಿ ಮುದ್ರಣದ ಅಂಗಡಿ ಇಟ್ಟಿದ್ದವರು. ಕೊಂಡ ಕಾಗದವನ್ನು ಕೈಗಾಡಿಯಲ್ಲಿ ತಾವೇ ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು, ಈ ಕೆಲಸ ತನಗೆ ಕಡಿಮೆಯದಲ್ಲ ಅಂತ ಜನ ನೋಡಲಿ ಅಂತಲೇ. 13 ಗುಣಗಳನ್ನು ಪಟ್ಟಿ ಮಾಡಿ, ವಾರಕ್ಕೆ ಒಂದರಂತೆ ಹಿಡಿದು, ತಪ್ಪಿದ ದಿನ ಚಿಕ್ಕ ಪುಸ್ತಕದಲ್ಲಿ ಚುಕ್ಕೆ ಇಡುತ್ತಿದ್ದರು. ವ್ಯವಸ್ಥೆಯಾಗಿ ಇರುವುದೇ ತನಗೆ ಎಲ್ಲಕ್ಕಿಂತ ಕಷ್ಟವಾಯಿತು ಅಂತ ಬರೆದಿದ್ದಾರೆ. ನೀವು 13 ಹಿಡಿಯಬೇಡಿ. ಒಂದೇ ಹಿಡಿಯಿರಿ. ರಾತ್ರಿ ಶಟರ್ ಎಳೆಯುವ ಮೊದಲು ದಿನದ ಜಮಾ ಖರ್ಚು ಬರೆದು ಮುಗಿಸುವುದು, ಅಷ್ಟೇ. ತಪ್ಪಿದ ದಿನ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಿ.

ದೊಡ್ಡದಾಗಿ ಬೆಳೆಯುವ ಆಸೆ ಇರುವವರಿಗೆ ಕ್ಯಾಪ್ಟನ್ ಗೋಪಿನಾಥ್ ಅವರ 'ಬಾನಯಾನ'. ಎಲ್ಲರೂ 2003ರಲ್ಲಿ ಅವರು ಶುರು ಮಾಡಿದ ವಿಮಾನ ಕಂಪನಿ ಏರ್ ಡೆಕ್ಕನ್ ಕಥೆಗೆ ಓಡುತ್ತಾರೆ. ನೀವು ಮುಂಚಿನ ಭಾಗ ನಿಧಾನವಾಗಿ ಓದಿ. ಗೊರೂರಿನ ಹೇಮಾವತಿ ಅಣೆಕಟ್ಟಿಗೆ ಮನೆತನದ ಜಮೀನು ಮುಳುಗಿ, ಬದಲಿಗೆ ಸಿಕ್ಕ ಜಾವಗಲ್ ಕಡೆಯ ಒಣ ಭೂಮಿಯಲ್ಲಿ ಬೇಸಾಯ, ರೇಷ್ಮೆ, ಹಾಸನದಲ್ಲಿ ಬೈಕ್ ಡೀಲರ್‌ಶಿಪ್, ಹೋಟೆಲು. ವಿಮಾನಕ್ಕಿಂತ ಮುಂಚೆ ಇಷ್ಟೆಲ್ಲ ಮಾಡಿದ್ದಾರೆ. ಸಣ್ಣ ಬಂಡವಾಳದವರಿಗೆ ಬೇಕಾದದ್ದು ಅಲ್ಲೇ ಇದೆ.

ಮನಸ್ಸು ಕುಗ್ಗಿದಾಗ ಡಿವಿಜಿಯವರ 'ಮಂಕುತಿಮ್ಮನ ಕಗ್ಗ', ದಿನಕ್ಕೆ ಒಂದು ಪದ್ಯ. 945 ಇವೆ, ಅವಸರ ಇಲ್ಲ. ಕಾಲೇಜು ಮುಗಿಸಿ ದಾರಿ ಕಾಣದ ಮಕ್ಕಳಿಗೆ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಕೊಡಿ.

ಇನ್ನು ಓದುವ ಕ್ರಮ. ಬೆಳಿಗ್ಗೆ ಕಸ ಗುಡಿಸಿ, ದೀಪ ಹಚ್ಚಿ, ಮೊದಲ ಗಿರಾಕಿ ಬರುವವರೆಗೆ ಸ್ವಲ್ಪ ಹೊತ್ತು ಸಿಗುತ್ತದೆ ಅಲ್ವಾ, ಅದೇ ಓದುವ ಹೊತ್ತು. ಮೊಬೈಲು ಗಲ್ಲಾದೊಳಗೆ ಇರಲಿ. ಕೈಯಲ್ಲಿ ಪೆನ್ಸಿಲ್ ಇರಲಿ. ನೀವು ಬರೆದುಕೊಂಡ ಸಮಸ್ಯೆಗೆ ತಾಗುವ ಸಾಲು ಸಿಕ್ಕ ಕೂಡಲೇ ನಿಲ್ಲಿಸಿ. ಅವತ್ತು ಏನು ಮಾಡುತ್ತೀರಿ ಅಂತ ಪುಟದ ಅಂಚಿನಲ್ಲಿ ಬರೆಯಿರಿ. ಅದನ್ನು ಮಾಡಿದ ಮೇಲೆಯೇ ಮುಂದಿನ ಪುಟ. ಪುಸ್ತಕ ನಿಧಾನಕ್ಕೆ ಮುಗಿಯುತ್ತದೆ, ಮುಗಿಯಲಿ. ಅಂಗಡಿಯಲ್ಲಿ ಕೆಲಸದ ಹುಡುಗರಿದ್ದರೆ ಒಂದು ಪುಟ ಗಟ್ಟಿಯಾಗಿ ಓದಿಸಿ. ನಮ್ಮಲ್ಲಿ ಸರದಿ ಪ್ರಕಾರ ಓದುತ್ತಾರೆ. ಮೊದಮೊದಲು ತೊದಲುತ್ತಿದ್ದ ಹುಡುಗಿ ಈಗ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಾ ನೇಯ್ಗೆ ವಿವರಿಸುತ್ತಾಳೆ. ನನಗೆ ಇದರಷ್ಟು ಖುಷಿ ಕೊಟ್ಟದ್ದು ಜಾಸ್ತಿ ಇಲ್ಲ.

ದುಡ್ಡು ಹಾಕುವ ಮೊದಲು ಗ್ರಂಥಾಲಯಕ್ಕೆ ಹೋಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ತೆರಿಗೆ ರಸೀದಿ ತೆಗೆದು ನೋಡಿ, ಆ ಸಾಲು ಕಾಣಿಸುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ, ವಿಚಾರಿಸಿ. ಪುಸ್ತಕ ತಂದು ಮೊದಲ ಅಧ್ಯಾಯ ಓದಿ, ಅಂಚಿನಲ್ಲಿ ಬರೆಯಬೇಕು ಅಂತ ಕೈ ತುರಿಸಿದರೆ ಮಾತ್ರ ಸ್ವಂತ ಪ್ರತಿ ಕೊಳ್ಳಿ. ಗಾಂಧೀಜಿ ಆತ್ಮಕಥೆಯನ್ನು ಮಾತ್ರ ಕಾಯದೆ ಕೊಂಡುಬಿಡಿ. ನವಜೀವನ ಪ್ರಕಾಶನದ ಕನ್ನಡ ಪ್ರತಿ ಕಡಿಮೆ ಬೆಲೆಗೆ ಸಿಗುತ್ತದೆ.