ಮೊದಲು ವರ್ಷ, ಆಮೇಲೆ ಸ್ಪೆಕ್: ನಾನು ಲ್ಯಾಪ್‌ಟಾಪ್ ಆರಿಸಿದ್ದು ಹೀಗೆ

ಈ ಸಲ ಲ್ಯಾಪ್‌ಟಾಪ್ ಹುಡುಕಲು ಕೂತಾಗ ನಾನು ಮೊದಲು ಬರೆದುಕೊಂಡದ್ದು ಪ್ರೊಸೆಸರ್ ಹೆಸರಲ್ಲ, 2032 ಅನ್ನುವ ಇಸವಿ. ಅಲ್ಲಿಯ ತನಕ ಇದೇ ನನ್ನ ಮುಖ್ಯ ಮಷೀನ್ ಆಗಿರಬೇಕು ಅನ್ನುವುದು ಲೆಕ್ಕ. ಕೊಂಡದ್ದು 2025ರಲ್ಲಿ, ಅಂದರೆ ಏಳು ವರ್ಷ. ಹಿಂದಿನದು 2017ರದ್ದು, ಎಂಟು ವರ್ಷ ದುಡಿದಿತ್ತು. ಹಾಗಾಗಿ ಏಳು ಅನ್ನುವುದು ಅತಿಯಾಸೆಯೇನಲ್ಲ.

ನನ್ನ ಕೆಲಸ ಪುಸ್ತಕಗಳ ಪುಟ ವಿನ್ಯಾಸ. ಜೊತೆಗೆ ಸ್ವಲ್ಪ ಫೋಟೋ ತಿದ್ದುವುದು, ದಿನವಿಡೀ ತೆರೆದೇ ಇರುವ ಬ್ರೌಸರ್. ಗೇಮ್ ಆಡುವುದಿಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಬೇರೆ ಕೆಲಸದವರಿಗೆ ನನ್ನ ಸ್ಪೆಕ್ ಹೊಂದಲಿಕ್ಕಿಲ್ಲ, ಆರಿಸಿದ ಕ್ರಮ ಮಾತ್ರ ಹೊಂದೀತು.

ವರ್ಷ ಮೊದಲು ಯಾಕೆ? ಮೂರು ವರ್ಷಕ್ಕೆ ಮಾರಿಬಿಡುವವರು ಇವತ್ತಿನ ಅಗತ್ಯ ನೋಡಿ ಕೊಂಡರೆ ಸಾಕು. ಏಳು ವರ್ಷ ಇಟ್ಟುಕೊಳ್ಳುವವರು, ಇದರಲ್ಲಿ ನಾಳೆ ಬದಲಾಯಿಸಲು ಆಗದ್ದು ಯಾವುದು ಅಂತ ನೋಡಬೇಕು. ಫೈಲ್‌ಗಳು ಕೂರುವ ಎಸ್‌ಎಸ್‌ಡಿಯನ್ನು ಬಹುತೇಕ ಮಾಡೆಲ್‌ಗಳಲ್ಲಿ ಬದಲಾಯಿಸಬಹುದು. ಬ್ಯಾಟರಿಯೂ ಅಷ್ಟೇ. ಪ್ರೊಸೆಸರ್ ಆಗಲ್ಲ, ಅದು ಮದರ್‌ಬೋರ್ಡಿಗೆ ಬೆಸುಗೆ ಆಗಿರುತ್ತದೆ. ಸ್ಕ್ರೀನ್ ಬದಲಾಯಿಸಬಹುದು, ಆದರೆ ದುಬಾರಿ. ಬಾಡಿ, ಪೋರ್ಟ್‌ಗಳು ಕೊಂಡಾಗ ಹೇಗಿದ್ದವೋ ಕೊನೆಯವರೆಗೂ ಹಾಗೇ. ದುಡ್ಡು ಬದಲಾಗದ ಭಾಗಗಳಿಗೆ ಹೋಗಲಿ, ಬದಲಾಗುವುದರಲ್ಲಿ ಜಿಪುಣತನ ಮಾಡಿದರೂ ನಡೆಯುತ್ತದೆ ಅಂತ ತೀರ್ಮಾನ ಮಾಡಿಕೊಂಡೆ. ಉಳಿದದ್ದೆಲ್ಲ ಇದರಿಂದಲೇ ಹುಟ್ಟಿತು.

ರ‍್ಯಾಮ್ (ತೆರೆದ ಪ್ರೋಗ್ರಾಂಗಳು ಬಳಸುವ ತಾತ್ಕಾಲಿಕ ಮೆಮೊರಿ) ಎಷ್ಟು ಬೇಕು ಅಂತ ಯಾರನ್ನೂ ಕೇಳಲಿಲ್ಲ, ಹಳೆಯ ಮಷೀನನ್ನೇ ಕೇಳಿದೆ. ಕೆಲಸ ಜೋರಾಗಿ ನಡೆಯುತ್ತಿದ್ದ ಒಂದು ಮಧ್ಯಾಹ್ನ, ದೊಡ್ಡ ಪುಸ್ತಕದ ಫೈಲ್, ಫೋಟೋ ಪ್ರೋಗ್ರಾಂ, ಬ್ರೌಸರ್ ಎಲ್ಲ ತೆರೆದಿರುವಾಗಲೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ನೋಡಿದೆ. ಎಲ್ಲರ ಕಣ್ಣು ಅಲ್ಲಿ ‘ಇನ್ ಯೂಸ್’ ಅನ್ನುವ ಅಂಕಿಗೆ ಹೋಗುತ್ತದೆ. ನೋಡಬೇಕಾದದ್ದು ಅದರ ಕೆಳಗಿನ ‘ಕಮಿಟೆಡ್’. ಪ್ರೋಗ್ರಾಂಗಳು ಒಟ್ಟು ಎಷ್ಟು ಜಾಗ ಕೇಳಿಟ್ಟುಕೊಂಡಿವೆ ಅಂತ ಹೇಳುವ ಅಂಕಿ ಅದು. ನನ್ನಲ್ಲಿದ್ದದ್ದು 16 ಜಿಬಿ, ಕಮಿಟೆಡ್ 21 ತೋರಿಸುತ್ತಿತ್ತು. ರ‍್ಯಾಮ್‌ಗಿಂತ ಕೇಳಿಕೆ ಜಾಸ್ತಿಯಾದಾಗ ವಿಂಡೋಸ್ ಸ್ವಲ್ಪ ಭಾಗವನ್ನು ಎಸ್‌ಎಸ್‌ಡಿಗೆ ತಳ್ಳುತ್ತದೆ. ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹಾರಿದಾಗ ಅರೆಕ್ಷಣ ತಡವರಿಸುತ್ತಿದ್ದುದು ಇದಕ್ಕೇ. ಇವತ್ತೇ 21 ಅಂದಮೇಲೆ ಏಳು ವರ್ಷಕ್ಕೆ 32 ಜಿಬಿ ಬೇಕು. ಬರೀ ಬರವಣಿಗೆ, ಬ್ರೌಸರ್ ಅನ್ನುವವರಿಗೆ 16 ಧಾರಾಳ. 8 ಜಿಬಿಯನ್ನು ಇಷ್ಟು ದೀರ್ಘ ಲೆಕ್ಕಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ನೋಡಲೇಬೇಕು. ರ‍್ಯಾಮ್ ಸ್ಲಾಟ್‌ನಲ್ಲಿದೆಯೋ, ಬೆಸುಗೆ ಆಗಿದೆಯೋ? ಸ್ಪೆಕ್ ಪಟ್ಟಿಯಲ್ಲಿ ‘ಎಲ್‌ಪಿಡಿಡಿಆರ್’ ಅಂತಲೋ ‘ಆನ್‌ಬೋರ್ಡ್’ ಅಂತಲೋ ಕಂಡರೆ ಹೆಚ್ಚಿನಂಶ ಅದು ಬೆಸುಗೆಯೇ. ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಆಪಲ್‌ನ ಎಂ ಸರಣಿಯ ಮ್ಯಾಕ್‌ಬುಕ್‌ಗಳದ್ದೂ ಇದೇ ಕಥೆ. ಬೆಸುಗೆ ಹಾಕಿದ್ದು ಕೆಟ್ಟದ್ದು ಅಂತಲ್ಲ. ಅದು ಕಡಿಮೆ ಕರೆಂಟು ತಿನ್ನುತ್ತದೆ, ವೇಗವೂ ಚೆನ್ನಾಗಿರುತ್ತದೆ. ಆದರೆ ‘ಸದ್ಯಕ್ಕೆ ಕಡಿಮೆ ತಗೊಳ್ಳೋಣ, ಆಮೇಲೆ ಏರಿಸೋಣ’ ಅನ್ನುವ ದಾರಿ ಮುಚ್ಚಿಹೋಗುತ್ತದೆ. ನಾನು ಎರಡು ಸ್ಲಾಟ್ ಇರುವ ಮಾಡೆಲ್ ಹುಡುಕಿದೆ, ಎರಡರಲ್ಲೂ 16ರ ಕಡ್ಡಿ ಹಾಕಿಸಿದೆ. ಒಂದೇ ಕಡ್ಡಿ ಇದ್ದರೆ ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವಿನ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನಂಥ ಲ್ಯಾಪ್‌ಟಾಪ್‌ಗೆ ಅದು ಜಾಸ್ತಿ ಗೊತ್ತಾಗುತ್ತದೆ.

ಪ್ರೊಸೆಸರ್ ವಿಷಯದಲ್ಲಿ ನಾನು ವೇಗದ ಪಟ್ಟಿಗಳನ್ನು ಅಷ್ಟಾಗಿ ನೋಡಲಿಲ್ಲ. ಮಧ್ಯಮ ದರ್ಜೆಯದ್ದು ಯಾವುದಾದರೂ ನನ್ನ ಕೆಲಸಕ್ಕೆ ಸಾಕು. ನೋಡಿದ್ದು ಅದರ ನಿಜವಾದ ವಯಸ್ಸು. ಹೆಸರು ನೋಡಿ ವಯಸ್ಸು ಹೇಳಲಾಗದು. ಎಎಂಡಿಯ ರೈಜೆನ್ 5 7520ಯು, ರೈಜೆನ್ 5 7530ಯು, ರೈಜೆನ್ 5 7640ಯು ಮೂರೂ 7000 ಸರಣಿಯವೇ. ಒಳಗಿನ ವಿನ್ಯಾಸದ ತಲೆಮಾರು ನೋಡಿದರೆ ಮೊದಲನೆಯದು ಝೆನ್ 2, ಎರಡನೆಯದು ಝೆನ್ 3, ಮೂರನೆಯದು ಝೆನ್ 4. ಝೆನ್ 2 ಬಂದದ್ದು 2019ರಲ್ಲಿ! ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ. 2, 3, 4 ಅಂತ ಅದೇ ತಲೆಮಾರನ್ನು ಹೇಳಿಬಿಡುತ್ತದೆ. ಇಂಟೆಲ್‌ನಲ್ಲೂ ಹಳೆಯ ಚಿಪ್‌ಗೆ ಹೊಸ ಹೆಸರು ಕೊಟ್ಟದ್ದುಂಟು. ಕೊನೆಯ ಅಕ್ಷರವೂ ಮುಖ್ಯ. ಯು ಅಂದರೆ ಸಾಮಾನ್ಯವಾಗಿ ಸುಮಾರು 15 ವ್ಯಾಟ್‌ನ ತಣ್ಣನೆಯ ಚಿಪ್. ಎಚ್ ಅಂದರೆ 45 ವ್ಯಾಟ್‌ನ ಆಸುಪಾಸು, ಬಿಸಿ ಜಾಸ್ತಿ, ಫ್ಯಾನ್ ಸದ್ದೂ ಜಾಸ್ತಿ. ವರ್ಷಗಟ್ಟಲೆ ಬಾಳಬೇಕಾದ ಮಷೀನ್ ದಿನಾ ಕುದಿಯುವುದು ನನಗೆ ಬೇಕಿರಲಿಲ್ಲ.

ಈ ವಯಸ್ಸಿನ ಮಾತು ಸುಮ್ನೆ ಬಂದದ್ದಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಇಂಟೆಲ್‌ನ 7ನೇ ತಲೆಮಾರು. 2021ರಲ್ಲಿ ವಿಂಡೋಸ್ 11 ಬಂದಾಗ, ಒಂದೆರಡು ಮಾಡೆಲ್ ಬಿಟ್ಟರೆ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ನನ್ನದರಲ್ಲೂ ಇತ್ತು, ಆದರೂ ಪಟ್ಟಿಯಲ್ಲಿ ಹೆಸರಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಅಂದರೆ ಕೀಬೋರ್ಡ್, ಸ್ಕ್ರೀನ್, ಫ್ಯಾನ್ ಎಲ್ಲ ಸರಿಯಿದ್ದ ಮಷೀನ್‌ಗೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲವಾಗುವ ಕಾಲ ಬಂತು. ಒಂದೇ ವರ್ಷ ಈಚಿನ ಚಿಪ್ ಆಗಿದ್ದರೆ ಇನ್ನಷ್ಟು ಕಾಲ ದುಡಿಯುತ್ತಿತ್ತು. ಅದಕ್ಕೇ ಈ ಸಲ, ಮಳಿಗೆಗೆ ಬಂದ ವರ್ಷಕ್ಕಿಂತ ಚಿಪ್‌ನ ತಲೆಮಾರನ್ನು ಜಾಸ್ತಿ ಕೆದಕಿದೆ.

ಸ್ಕ್ರೀನ್‌ಗೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿದೆ. ದಿನವಿಡೀ ನೋಡುವುದು ಅದನ್ನೇ ಅಲ್ವಾ? ಕಡಿಮೆ ಬೆಲೆಯ ಮಾಡೆಲ್‌ಗಳ ಸ್ಪೆಕ್‌ನಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಒಂದು ಸಾಲು ಇರುತ್ತದೆ. ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವ ಅಳತೆ ಅದು. ವೆಬ್, ಫೋಟೋಗಳಿಗೆ ಮಾಮೂಲಿಯಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಅಂಥ ಸ್ಕ್ರೀನ್ ತೋರಿಸುವುದು ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಮುಖದ ಬಣ್ಣ ಸಪ್ಪೆಯಾಗುತ್ತದೆ. 72% ಎನ್‌ಟಿಎಸ್‌ಸಿ ಅಥವಾ 100% ಎಸ್‌ಆರ್‌ಜಿಬಿ ಅಂತ ಇದ್ದರೆ ಸರಿ, ಎರಡೂ ಹೆಚ್ಚುಕಮ್ಮಿ ಒಂದೇ. ಹೊಳಪು 250 ನಿಟ್ಸ್ ಇದ್ದರೆ ಕಿಟಕಿ ಪಕ್ಕ ಕೂತಾಗ ಕಣ್ಣು ಕಿರಿದು ಮಾಡಬೇಕಾಗುತ್ತದೆ. ನಾನು 400ಕ್ಕೆ ಹೋದೆ. ಉದ್ದಗಲ 16:10, ಅಂದರೆ 1080ರ ಬದಲು 1200 ಸಾಲು. ಪುಟದ ಕೆಳಗಿನ ಇನ್ನೊಂದಿಷ್ಟು ಕಾಣುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ಮಾತು: ಹಳೆಯ 1366×768 ಸ್ಕ್ರೀನ್‌ಗಳಲ್ಲಿ ಸಣ್ಣ ಅಕ್ಷರದ ‘ರಾಷ್ಟ್ರ’ ನೋಡಿ, ಒತ್ತಕ್ಷರಗಳು ಒಂದು ಕಪ್ಪು ಚುಕ್ಕೆಯಾಗಿ ಕಲಸಿಕೊಂಡಿರುತ್ತವೆ. ಕರಡು ತಿದ್ದುವವರಿಗೆ ಅದು ದಿನದಿನದ ಹಿಂಸೆ.

ಓಎಲ್‌ಇಡಿ ಸ್ಕ್ರೀನ್ ನೋಡಲು ಸೊಗಸು, ಬೇಡ ಅಂದೆ. ನನ್ನ ಸ್ಕ್ರೀನಿನ ಎಡ ಬಲಗಳಲ್ಲಿ ಅವೇ ಟೂಲ್ ಪಟ್ಟಿಗಳು ಬೆಳಗಿನಿಂದ ಸಂಜೆಯವರೆಗೆ ಅಲ್ಲಾಡದೆ ನಿಂತಿರುತ್ತವೆ. ಅಂಥ ಚಿತ್ರ ಓಎಲ್‌ಇಡಿಯಲ್ಲಿ ಕಾಲಕ್ರಮೇಣ ಅಚ್ಚೊತ್ತಬಹುದು. ಮೂರು ವರ್ಷಕ್ಕಾಗಿದ್ದರೆ ಕಣ್ಣುಮುಚ್ಚಿ ಕೊಳ್ಳುತ್ತಿದ್ದೆ. ಏಳಕ್ಕೆ ಐಪಿಎಸ್, ಅಂದರೆ ಅಚ್ಚೊತ್ತುವ ಭಯ ಕಡಿಮೆ ಇರುವ ಎಲ್‌ಸಿಡಿ ಬಗೆ.

ಎಸ್‌ಎಸ್‌ಡಿ 512 ಜಿಬಿಯದ್ದೇ ಸಾಕು ಅಂದೆ, ತುಂಬಿದಾಗ ದೊಡ್ಡದು ಹಾಕಿದರಾಯಿತು. ವೇಗದ ಎನ್‌ವಿಎಂಇ ಬಗೆ ಆಗಿದ್ದರೆ ಆಯ್ತು, ನಿಧಾನದ, ಬೋರ್ಡಿಗೆ ಬೆಸೆದ ಇಎಂಎಂಸಿ ಆಗಿರಬಾರದು, ಅಷ್ಟೇ. ಚಾರ್ಜಿಂಗ್ ಯುಎಸ್‌ಬಿ-ಸಿ ಮೂಲಕ. ಚಾರ್ಜರ್ ಕೆಟ್ಟರೂ ಅಷ್ಟೇ ವ್ಯಾಟ್‌ನ ಇನ್ನೊಂದು ಎಲ್ಲಿಯಾದರೂ ಸಿಗುತ್ತದೆ.

ಕೊನೆಗೆ ಮೂರು ಮಾಡೆಲ್ ಉಳಿದವು. ಅವುಗಳಲ್ಲಿ ಒಂದನ್ನು ಆರಿಸಲು ನೆರವಾದದ್ದು ಸರ್ವಿಸ್ ಮ್ಯಾನ್ಯುಯಲ್. ಆಫೀಸುಗಳಿಗೆ ಅಂತ ಮಾಡುವ ಲ್ಯಾಪ್‌ಟಾಪ್‌ಗಳಿಗೆ ಡೆಲ್, ಎಚ್‌ಪಿ, ಲೆನೊವೊ ಮೂವರೂ ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಉಚಿತವಾಗಿ ಕೊಡುತ್ತಾರೆ. ಕೊಳ್ಳುವ ಮೊದಲೇ ಅದನ್ನು ಓದಬಹುದು ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ನಾನು ನೋಡಿದ್ದು ಎರಡೇ ಅಧ್ಯಾಯ. ಬ್ಯಾಟರಿ ತೆಗೆಯುವ ಕಡೆ ಸ್ಕ್ರೂಗಳಿವೆಯೋ, ಅಂಟು ಇದೆಯೋ? ಕೀಬೋರ್ಡ್ ಬದಲಾಯಿಸಲು ಕೀಬೋರ್ಡ್ ಒಂದೇ ಸಾಕೋ, ಇಡೀ ಮೇಲ್ಭಾಗವನ್ನೇ ಕೊಳ್ಳಬೇಕೋ? ಒಂದು ಮಾಡೆಲ್‌ನಲ್ಲಿ ಕೀಬೋರ್ಡ್ ತಲುಪಲು ಮದರ್‌ಬೋರ್ಡ್ ಸಮೇತ ಎಲ್ಲ ಹೊರತೆಗೆಯಬೇಕಿತ್ತು. ನೋಡಲು ಮೂರರಲ್ಲಿ ಅದೇ ಚೆಂದ, ತೂಕವೂ ಅದೇ ಕಡಿಮೆ. ಬಿಟ್ಟೆ. ಕೊಂಡದ್ದು ಸ್ವಲ್ಪ ದಪ್ಪದ್ದು, 1.5 ಕಿಲೋ.

ಇನ್ನು ಎಷ್ಟು ಕಾಲ ಇಟ್ಟುಕೊಳ್ಳುವುದು ಅನ್ನುವ ಪ್ರಶ್ನೆ. ನಿಧಾನವಾಯಿತು ಅನ್ನುವುದನ್ನು ನಾನು ಕಾರಣವೆಂದೇ ಒಪ್ಪುವುದಿಲ್ಲ. ಹಳೆಯದು ನಾಲ್ಕನೇ ವರ್ಷದಲ್ಲಿ ಏದುಸಿರು ಬಿಡುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನ್ ಮುಂದಿನ ಲೋಹದ ಪಟ್ಟಿಗಳಿಗೆ ಧೂಳು ಬಟ್ಟೆಯ ಹಾಗೆ ಹೆಣೆದುಕೊಂಡಿತ್ತು, ಪ್ರೊಸೆಸರ್‌ನ ಬಿಸಿ ಹೊರಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಧೂಳು ತೆಗೆದು, ಹೊಸ ಪೇಸ್ಟ್ ಹಾಕಿ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದೆ. ಮತ್ತೆ ನಾಲ್ಕು ವರ್ಷ ಓಡಿತು.

ಬ್ಯಾಟರಿಗೆ ಊಹೆ ಬೇಡ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಎರಡು ಸಾಲು ಸಾಕು: ‘ಡಿಸೈನ್ ಕೆಪಾಸಿಟಿ’, ‘ಫುಲ್ ಚಾರ್ಜ್ ಕೆಪಾಸಿಟಿ’. ಮೊದಲನೆಯದು ಹುಟ್ಟಿದಾಗಿನ ಶಕ್ತಿ, ಎರಡನೆಯದು ಈಗ ಉಳಿದದ್ದು. ಎರಡನೆಯದು ಮೊದಲನೆಯದರ 60 ಶೇಕಡಾಕ್ಕೆ ಇಳಿದಾಗ ನಾನು ಬ್ಯಾಟರಿ ಬದಲಾಯಿಸುತ್ತೇನೆ, ಲ್ಯಾಪ್‌ಟಾಪನ್ನಲ್ಲ. ಮೇಜಿನ ಮೇಲೆ ಸದಾ ಚಾರ್ಜರ್ ಹಾಕಿಯೇ ಇರುವವರು ಚಾರ್ಜ್ ಮಿತಿಯನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಬಳಸಿ. ಪೂರ್ತಿ ತುಂಬಿ ಬಿಸಿಯಲ್ಲಿ ಕೂರುವುದೇ ಲಿಥಿಯಂ ಬ್ಯಾಟರಿಯನ್ನು ಬೇಗ ಮುಪ್ಪಾಗಿಸುತ್ತದೆ. ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಒಂದು ಅಂಚು ಮೇಲೆದ್ದಿದೆ ಅನ್ನಿಸಿದರೆ ಮಾತ್ರ ತಡಮಾಡಬೇಡಿ. ಕೆಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್ ಹಾಕುವುದು ನಿಲ್ಲಿಸಿ, ಚುಚ್ಚದೆ ಒತ್ತದೆ ರಿಪೇರಿಯವರ ಕೈಗೆ ಕೊಡಿ.

ಕೈಬಿಡಲು ನಾನು ಇಟ್ಟುಕೊಂಡಿರುವ ಕಾರಣಗಳು ಎರಡೇ. ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುವುದು ಒಂದು. ಅಷ್ಟೇ ಕೆಲಸ ಮಾಡುವ ಬೇರೆ ಲ್ಯಾಪ್‌ಟಾಪಿನ ಅರ್ಧ ಬೆಲೆಯನ್ನು ಒಂದೇ ರಿಪೇರಿ ದಾಟುವುದು ಇನ್ನೊಂದು. ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡಿದರೆ ತಾಳ್ಮೆಯ ಲಾಭ ಗೊತ್ತಾಗುತ್ತದೆ. ಒಂದೂವರೆ ಪಟ್ಟು ಬೆಲೆ ಕೊಟ್ಟು ಎರಡು ಪಟ್ಟು ಕಾಲ ಇಟ್ಟುಕೊಂಡರೆ ವರ್ಷದ ಖರ್ಚು ಕಾಲು ಭಾಗ ಇಳಿಯುತ್ತದೆ.

ಹಳೆಯದು ಕಸಕ್ಕೆ ಹೋಗಲಿಲ್ಲ. ನನ್ನ ಪುಟ ವಿನ್ಯಾಸದ ಪ್ರೋಗ್ರಾಂ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಆದರೆ ಕರಡು ಓದಲು, ಬರೆಯಲು, ಮೇಲ್ ನೋಡಲು ಲಿನಕ್ಸ್ ಸಾಕು. ಉಬುಂಟು ಅನ್ನುವ ಲಿನಕ್ಸ್‌ನ ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿ ಹಾಕಿ ಅಣ್ಣನ ಮಗಳಿಗೆ ಕೊಟ್ಟೆ. ಅದಕ್ಕೆ ಬಿಡುಗಡೆಯಾದಂದಿನಿಂದ ಐದು ವರ್ಷದ ಅಪ್‌ಡೇಟ್ ಬರುತ್ತದೆ. ಉಬುಂಟು ಹಾಕುವ ಮೊದಲು ಫೈಲ್ ಡಿಲೀಟ್ ಮಾಡಿ ಸುಮ್ಮನಾಗಲಿಲ್ಲ, ಮಷೀನಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿರುವ ಸೆಕ್ಯೂರ್ ಇರೇಸ್‌ನಿಂದ ಎಸ್‌ಎಸ್‌ಡಿಯನ್ನು ಪೂರ್ತಿ ಅಳಿಸಿದೆ. ಗ್ರಾಹಕರ ಅಚ್ಚಾಗದ ಪುಸ್ತಕಗಳೆಲ್ಲ ಅದರಲ್ಲೇ ಇದ್ದವು.