ಜೇನಿನ ಹುಚ್ಚು, ಮಂಡಿಯ ಸಂಬಳ

ಪಿಯುಸಿ ರಿಸಲ್ಟ್ ಬಂದ ಮೇಲೆ ಪ್ರತಿ ವರ್ಷ ಒಬ್ಬಿಬ್ಬರು ಹುಡುಗರಾದರೂ ನಮ್ಮನೆಗೆ ಬರುತ್ತಾರೆ. “ಅಣ್ಣಾ, ಕೆಲಸ ಬಿಟ್ಟು ಇಷ್ಟದ್ದೇ ಮಾಡಿದ್ರಲ್ಲ, ಹೆಂಗೆ ಧೈರ್ಯ ಬಂತು?” ಅಂತ ಕೇಳುತ್ತಾರೆ. ನಾನು ಕೆಲಸ ಬಿಟ್ಟಿದ್ದು ಎರಡು ಸಲ. ಮೊದಲನೇ ಸಲದ್ದನ್ನು ಯಾರೂ ಕೇಳುವುದಿಲ್ಲ.

ನಮ್ಮದು ಹೊಸನಗರ ತಾಲೂಕು, ಎರಡು ಎಕರೆ ಅಡಿಕೆ ತೋಟ. ಅಪ್ಪ ತೋಟದ ಅಂಚಿನಲ್ಲಿ ಹತ್ತು ಹನ್ನೆರಡು ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಪೆಟ್ಟಿಗೆ ಇಟ್ಟಿದ್ದರು. ನನಗೆ ಎಂಟು ವರ್ಷ ಇದ್ದಾಗ, 1992ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತು. ಮರಿಹುಳುಗಳು ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತಿದ್ದವು. ದಕ್ಷಿಣ ಭಾರತದಲ್ಲೆಲ್ಲ ತುಡುವೆ ಸಾಕಿದವರು ಆಗ ಕೈ ಸುಟ್ಟುಕೊಂಡರು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ಒಡೆದು ಬಚ್ಚಲ ಒಲೆಗೆ ಹಾಕಿದರು. “ಇದನ್ನ ನಂಬ್ಕೊಂಡು ಕೂತ್ರೆ ಗಂಜಿಗೂ ಗತಿ ಇಲ್ಲ” ಎಂದರು. ನನ್ನ ಹುಚ್ಚು ಮಾತ್ರ ಆ ಒಲೆಗೆ ಬೀಳಲಿಲ್ಲ.

ಬಿ.ಕಾಂ. ಮುಗಿಸಿ 2006ರಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಗುಮಾಸ್ತನಾಗಿ ಸೇರಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ದರ್ಜೆಗಳನ್ನು ದಿನವಿಡೀ ಬರೆಯುವ ಕೆಲಸ. ಬೇಜಾರೋ ಬೇಜಾರು. ಭಾನುವಾರ ಊರಿಗೆ ಓಡಿ ಬಂದು, ನಾನೇ ಹೊಸದಾಗಿ ಇಟ್ಟ ಜೇನುಪೆಟ್ಟಿಗೆ ಮುಂದೆ ಕೂರುತ್ತಿದ್ದೆ. ಐದು ವರ್ಷದಲ್ಲಿ ಪೆಟ್ಟಿಗೆ ನಲವತ್ತಾದವು. 2011ರ ಜನವರಿಯಲ್ಲಿ ಕೆಲಸ ಬಿಟ್ಟೆ.

ಬೇಸಿಗೆ ಮುಗಿಯುವಷ್ಟರಲ್ಲಿ ಇನ್ನೂರು ಕೆಜಿ ಮೇಲೆ ತುಪ್ಪ ಬಂತು. (ನಮ್ಮಲ್ಲಿ ಜೇನುತುಪ್ಪಕ್ಕೆ ಬರೀ ತುಪ್ಪ ಅಂತಲೇ ಅನ್ನುವುದು.) ಗೆದ್ದೆ ಅಂದುಕೊಂಡೆ. ಆಮೇಲೆ ಮಳೆ ಹಿಡಿಯಿತು.

ಮಲೆನಾಡಿನ ಮಳೆಗಾಲದಲ್ಲಿ ಜೇನು ಸಾಕುವುದು ಅಂದರೆ ಅದಕ್ಕೆ ಉಣ್ಣಿಸುವುದು. ಹೂವಿಲ್ಲ, ಹಾರಲು ಬಿಸಿಲಿಲ್ಲ. ಸಕ್ಕರೆಗೆ ಸಮ ನೀರು ಹಾಕಿ ಪಾಕ ಮಾಡಬೇಕು. ತೆಂಗಿನ ಗೆರಟೆಗೆ ಸುರಿದು, ಜೇನುನೊಣ ಮುಳುಗದ ಹಾಗೆ ಮೇಲೆ ನಾಲ್ಕು ಹುಲ್ಲುಕಡ್ಡಿ ಹಾಕಬೇಕು. ಅದೂ ಕತ್ತಲಾಗುವ ಹೊತ್ತಿಗೆ. ಹಗಲಲ್ಲಿ ಇಟ್ಟರೆ ಪಕ್ಕದ ಪೆಟ್ಟಿಗೆಯವು ಬಂದು ದೋಚುತ್ತವೆ. ಇರುವೆ ಹತ್ತದ ಹಾಗೆ ಕಂಬದ ಕೆಳಗಿನ ನೀರು ನೋಡಬೇಕು, ಅಡಿ ಹಲಗೆ ಒರೆಸಬೇಕು, ಮೇಣದ ಹುಳ ಬಿದ್ದ ಎರಿ (ಜೇನಿನ ಹಲ್ಲೆ) ತೆಗೆಯಬೇಕು. ಇಂಬಳ (ಜಿಗಣೆ) ಕಚ್ಚಿಸಿಕೊಂಡು ನಲವತ್ತು ಪೆಟ್ಟಿಗೆಗೆ ಇಷ್ಟು ಮಾಡಬೇಕು. ಜುಲೈಗೆ ನನ್ನ ದುಡ್ಡು ಖಾಲಿ. ಸಕ್ಕರೆ ಅರ್ಧ ಮಾಡಿದೆ. ದಸರೆ ಹೊತ್ತಿಗೆ ಇಪ್ಪತ್ತೇಳು ಪೆಟ್ಟಿಗೆಯಿಂದ ಜೇನು ಎದ್ದು ಹೋಗಿತ್ತು. ರೋಗ ಗೀಗ ಏನೂ ಇರಲಿಲ್ಲ. ಹಸಿವು, ಅಷ್ಟೇ. ಪ್ರೀತಿ ಇದ್ದವನೇ ಅವನ್ನು ಉಪವಾಸ ಕೆಡವಿದ್ದೆ.

ತಲೆ ತಗ್ಗಿಸಿಕೊಂಡು ಮಂಡಿಗೆ ಹೋದೆ. ಯಜಮಾನರು ಒಂದು ಮಾತೂ ಕೇಳಲಿಲ್ಲ. “ಲೆಕ್ಕದ ಪುಸ್ತಕ ಅಲ್ಲೇ ಇದೆ ನೋಡು” ಎಂದರು.

ಈ ಸಲ ಎರಡು ಪುಸ್ತಕ ಇಟ್ಟೆ, ಮಂಡಿಯದ್ದೊಂದು, ಜೇನಿನದ್ದೊಂದು. ಜೇನಿನ ದುಡ್ಡಿಗೆ ಬೇರೆ ಪಾಸ್‌ಬುಕ್. ಸಂಬಳದ ಒಂದು ರೂಪಾಯಿಯನ್ನೂ ಸಕ್ಕರೆಗೆ ಹಾಕದೆ ಮೂರು ಮಳೆಗಾಲ ಕಳೆದರೆ ಮಾತ್ರ ಬಿಡುವುದು ಅಂತ ಹೆಂಡತಿ ಹತ್ತಿರ ಹೇಳಿದೆ. ಆರು ವರ್ಷ ಹಿಡಿಯಿತು. ಲೆಕ್ಕ ಬರೆದಾಗಲೇ ಗೊತ್ತಾಗಿದ್ದು, ತುಪ್ಪಕ್ಕಿಂತ ಜಾಸ್ತಿ ದುಡ್ಡು ದೀಪಾವಳಿ ಕಳೆದ ಮೇಲೆ ಒಂದು ಪೆಟ್ಟಿಗೆಯ ಜೇನು ಕುಟುಂಬವನ್ನು ಪಾಲು ಮಾಡಿ, ಪೆಟ್ಟಿಗೆ ಸಮೇತ ತೋಟದವರಿಗೆ ಮಾರುವುದರಲ್ಲಿದೆ ಅಂತ. ಪೆಟ್ಟಿಗೆ ಮುಂದೆ ಸುಮ್ನೆ ಕೂತಿದ್ದ ಐದು ವರ್ಷದಲ್ಲಿ ಇದು ಹೊಳೆದಿರಲಿಲ್ಲ ನೋಡಿ.

ಇನ್ನೊಂದು ಆಯಿತು. ಆ ಆರು ವರ್ಷದಲ್ಲಿ ಮಂಡಿಯೂ ಹಿಡಿಸಿಬಿಟ್ಟಿತು. ಅಡಿಕೆ ಎಷ್ಟು ಒಣಗಿದೆ ಅಂತ ಮುಷ್ಟಿಯಲ್ಲಿ ಕುಲುಕಿ, ಸದ್ದು ಕೇಳಿ ಹೇಳುವಷ್ಟಾಗಿದ್ದೆ. ಕೆಲಸ ಚೆನ್ನಾಗಿ ಮಾಡಲು ಬಂದರೆ ಇಷ್ಟವೂ ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ 2017ರಲ್ಲಿ ಎರಡನೇ ಸಲ ಬಿಟ್ಟಾಗ ಪೂರ್ತಿ ಬಿಡಲಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎರಡು ಮಂಡಿಗೆ ಲೆಕ್ಕ ಬರೆದುಕೊಡುತ್ತೇನೆ. ಜೇನಿಗೂ ಆಗ ಕೆಲಸವಿಲ್ಲ, ನನಗೆ ಸಕ್ಕರೆಯ ಖರ್ಚು ಹುಟ್ಟುತ್ತದೆ. ಸಂಜೆ ಪಾಕ ಇಡುವುದನ್ನು ಹೆಂಡತಿ ನನಗಿಂತ ಅಚ್ಚುಕಟ್ಟಾಗಿ ಮಾಡುತ್ತಾಳೆ.

ಕಳೆದುಕೊಂಡದ್ದೂ ಇದೆ. ಮೊದಲು ಗಂಟೆಗಟ್ಟಲೆ ನೊಣ ಬಂದುಹೋಗುವುದನ್ನು ನೋಡುತ್ತಿದ್ದೆ. ಈಗ ಮುಚ್ಚಳ ಎತ್ತಿದರೆ ಕಣ್ಣು ಎರಿ ಎಣಿಸುತ್ತದೆ. ತುಪ್ಪ ಹರಳುಗಟ್ಟಿದರೆ “ಸಕ್ಕರೆ ಹಾಕಿದ್ದೀರಾ?” ಅಂತ ಫೋನ್ ಬರುತ್ತದೆ. ಅದು ಯಾವ ಹೂವಿನದು ಅನ್ನುವುದರ ಮೇಲೆ ಹೋಗುತ್ತದೆ, ಕೆಲವು ತುಪ್ಪ ಬೇಗ ಗಟ್ಟಿಯಾಗುತ್ತದೆ ಅಂತ ಎಷ್ಟು ಸಲ ಹೇಳುವುದು?

ನಮ್ಮ ಕೊಟ್ಟಿಗೆಯ ಮಣ್ಣುಗೋಡೆಯ ಸಂದಿನಲ್ಲಿ ಒಂದು ಮಿಸರೆ ಜೇನು ಇದೆ, ಕುಟುಕದ ಪುಟ್ಟ ಜಾತಿ, ಕೆಲವರು ಮುಜಂಟಿ ಅನ್ನುತ್ತಾರೆ. ಅದರ ತುಪ್ಪ ಔಷಧಿಗೆ ಬೇಕು ಅಂತ ಒಳ್ಳೆ ರೇಟು ಹೇಳಿಕೊಂಡು ಬರುತ್ತಾರೆ. ಗೋಡೆ ಒಡೆಯಬೇಕಾಗುತ್ತದೆ, ಆಗುವುದಿಲ್ಲ ಅಂತ ಹೇಳಿ ಕಳಿಸುತ್ತೇನೆ. ಅದು ಎರಡೂ ಪುಸ್ತಕದಲ್ಲಿ ಇಲ್ಲ.