ವಿಶ್ವೇಶ್ವರಯ್ಯನವರ ಬಟ್ಟೆ ಗೊಂಬೆ: ಕೆನ್ನೆಗೆ ಹತ್ತಿ ಕಡಿಮೆ, ಬೆನ್ನಿಗೆ ಬಿದಿರು

ಮಂಡ್ಯದ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವೂ ಇರುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ಉಂಡ ಗದ್ದೆಗಳ ಕೃತಜ್ಞತೆ ಅದು. ದಸರೆಗೆ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಅವರನ್ನೂ ನಿಲ್ಲಿಸುವ ಆಸೆಯಿಂದ ನಾನು ಹೊಲಿದ ಮೊದಲ ಗೊಂಬೆಗೆ ಪೇಟ ಚೆನ್ನಾಗಿಯೇ ಬಂದಿತ್ತು. ಪಕ್ಕದ ಮನೆಯ ಅಜ್ಜಿ ನೋಡಿ, ‘ಮಿರ್ಜಾ ಸಾಹೇಬರೇನಮ್ಮಾ?’ ಎಂದರು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರೂ ಮೈಸೂರು ಪೇಟ ಧರಿಸುತ್ತಿದ್ದವರೇ. ವಿಶ್ವೇಶ್ವರಯ್ಯನವರ ಗುರುತಿರುವುದು ಬತ್ತಿದ ಕೆನ್ನೆಯಲ್ಲಿ, ನೆಟ್ಟಗಿನ ಬೆನ್ನಿನಲ್ಲಿ.

ಮೊದಲು ವಯಸ್ಸು ನಿರ್ಧರಿಸಿ. 1912ರಿಂದ 1918ರವರೆಗಿನ ದಿವಾನರಾದರೆ ಮೀಸೆಗೆ ಕಪ್ಪು ನೂಲು ಸಾಕು. ಭಾರತ ರತ್ನ ಪಡೆದ 1955ರ ಹಿರಿಯರಾದರೆ ಬಿಳಿ ನೂಲು, ಎದೆಗೆ ಅರಳಿ ಎಲೆಯ ಆಕಾರದ ಪದಕ.

ಅರ್ಧ ಮೀಟರ್ ಕೋರಾ ಬಟ್ಟೆಯನ್ನು ಒಗೆದು, ಚಹಾ ಡಿಕಾಕ್ಷನ್‌ನಲ್ಲಿ ಚಿಟಿಕೆ ಉಪ್ಪು ಹಾಕಿ ನೆನೆಸಿ, ಮೈಬಣ್ಣ ಬಂದಾಗ ತೆಗೆದು ನೆರಳಿನಲ್ಲಿ ಒಣಗಿಸಿ. ಒದ್ದೆಯಿದ್ದಾಗ ಬಣ್ಣ ಕಡುವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಹನ್ನೆರಡು ಅಂಗುಲದ ಗೊಂಬೆಗೆ ತಲೆ ಎರಡು ಅಂಗುಲವಿರಲಿ. ಕಾಗದದಲ್ಲಿ ಅಚ್ಚು ಕತ್ತರಿಸಿ, ಸುತ್ತ ಕಾಲು ಅಂಗುಲ ಬಿಟ್ಟು ಬಟ್ಟೆ ಕತ್ತರಿಸಿ ಹೊಲಿಯಿರಿ. ತಿರುವಿರುವಲ್ಲೆಲ್ಲ ಹೊಲಿಗೆಯ ಹತ್ತಿರದವರೆಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿದರೆ ಮಗುಚಿದಾಗ ಸುಕ್ಕು ಬರುವುದಿಲ್ಲ.

ಹತ್ತಿ ತುಂಬುವ ಮೊದಲೇ ಕತ್ತಿನಿಂದ ಸೊಂಟದವರೆಗೆ ಬಟ್ಟೆ ಸುತ್ತಿದ ಬಿದಿರ ಕಡ್ಡಿಯನ್ನು ಇಳಿಸಿ. ಇಲ್ಲದಿದ್ದರೆ ಪೇಟದ ಭಾರಕ್ಕೆ ತಲೆ ಮುಂದಕ್ಕೆ ಬಾಗುತ್ತದೆ, ಈ ಮಹನೀಯರಿಗೆ ಅದು ಸಲ್ಲದು. ಹತ್ತಿಯನ್ನು ಚೂರು ಚೂರಾಗಿ, ಪೆನ್ಸಿಲ್‌ನಿಂದ ಒತ್ತುತ್ತಾ ತುಂಬಿ. ಹಣೆ, ಗದ್ದಕ್ಕೆ ಗಟ್ಟಿಯಾಗಿ, ಕೆನ್ನೆಗೆ ಸಡಿಲವಾಗಿ.

ಈಗ ಮುಖ. ಇಲ್ಲಿ ಒಂದು ಇಡೀ ಸಂಜೆ ಕೊಡಿ. ಗಟ್ಟಿ ನೂಲಿನ ಸೂಜಿಯನ್ನು ಮೂಗಿನ ಎಡಗಡೆಯಿಂದ ಬಲಗಡೆಗೆ ತೂರಿಸಿ, ಮೆಲ್ಲಗೆ ಎಳೆದರೆ ನಡುವೆ ಮೂಗಿನ ಏಣು ಎದ್ದು ನಿಲ್ಲುತ್ತದೆ. ಕೆನ್ನೆಯಿಂದ ತಲೆಯ ಹಿಂಬದಿಗೆ ಹೀಗೆಯೇ ಎಳೆದು ಗಂಟು ಹಾಕಿ, ಗುಳಿ ಬೀಳುತ್ತದೆ. ಗಂಟುಗಳನ್ನು ಪೇಟ ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಸೂತಿ ನೂಲಿನ ಆರು ಎಳೆಗಳಲ್ಲಿ ಒಂದನ್ನಷ್ಟೇ ಬಳಸಿ, ತುಟಿಯನ್ನು ಒಂದೇ ಗೆರೆಯಲ್ಲಿ ಮುಗಿಸಿ. ನಗು ಹೊಲಿಯಬೇಡಿ.

ಪೇಟಕ್ಕೆ ಹಳೆಯ ರೇಷ್ಮೆ ಸೀರೆಯ ಜರಿ ಅಂಚು ಸಿಕ್ಕರೆ ಭಾಗ್ಯ. ದಪ್ಪ ಕಾಗದದ ಬಳೆ ಮಾಡಿ, ಬಿಳಿ ಬಟ್ಟೆಯ ಮಡಿಕೆಗಳನ್ನು ಅದರ ಮೇಲೆ ಸುತ್ತಿ, ಜರಿ ಹಣೆಯ ಮೇಲೆ ಓರೆಯಾಗಿ ಏರುವಂತೆ ಕೂರಿಸಿ, ಕೊನೆಯನ್ನು ಹಿಂದೆ ಹೊಲಿಯಿರಿ. ಕಪ್ಪು ಕೋಟು, ಬಿಳಿ ಕಾಲರ್, ಟೈ ಸುಲಭ. ಹಲಗೆಗೆ ಕಾಲು ಬಿಗಿದು ನಿಲ್ಲಿಸಿ.

ದಸರೆ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ, ಒಣ ಬೇವಿನ ಎಲೆಯೊಂದಿಗೆ ಪೆಟ್ಟಿಗೆಯಲ್ಲಿ ನಿಂತಂತೆಯೇ ಇಡಿ. ಮಲಗಿಸಿದರೆ ಪೇಟದ ಮಡಿಕೆ ಕೆಡುತ್ತದೆ.